ಬಿದ್ದ ಹಸು, ಎತ್ತಿ ಹಿಡಿದ ಬಾಟಲಿ

ದನದ ಡಾಕ್ಟರಿಗೆ ಇರುವ ಒಂದು ಕಷ್ಟ ಮನುಷ್ಯರ ಡಾಕ್ಟರಿಗಿಲ್ಲ. ನಮ್ಮ ರೋಗಿ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಹಾಗಾಗಿ ಅದರ ಪರವಾಗಿ ಊರಿಗೆ ಊರೇ ಮಾತಾಡುತ್ತದೆ. ತೊಂಬತ್ತರ ದಶಕದಲ್ಲಿ ಬೆಳಗೋಡಿನ ಸುತ್ತಮುತ್ತ, ಒಮ್ಮೊಮ್ಮೆ ಆಲೂರು ಕಡೆಯ ಗುಡ್ಡಗಳಲ್ಲೂ ಹಳೇ ಸ್ಕೂಟರಿನ ಮೇಲೆ ತಿರುಗುತ್ತಿದ್ದ ನನಗೆ, ಇಂಥ ಪ್ರಸಂಗವಿಲ್ಲದೆ ಒಂದು ವಾರ ಕಳೆದದ್ದು ನೆನಪಿಲ್ಲ.

ಆಗ ಹಳ್ಳಿಗಳಲ್ಲಿ ಹಾಲಿನ ಡೇರಿಗಳು ಶುರುವಾಗಿ, ನಾಟಿ ಹಸುಗಳ ಪಕ್ಕದಲ್ಲಿ ಸೀಮೆ ಹಸುಗಳು ಬಂದು ನಿಂತಿದ್ದವು. ಅವುಗಳ ಜೊತೆಗೇ ಒಂದು ಕಾಯಿಲೆಯೂ ಬಂತು. ಚೆನ್ನಾಗಿ ಹಾಲು ಕೊಡುವ ಹಸು ಮೂರನೇದೋ ನಾಲ್ಕನೇದೋ ಕರು ಹಾಕುತ್ತದೆ. ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ನೆಲ ಹಿಡಿಯುತ್ತದೆ. ಕಿವಿ ತಣ್ಣಗಾಗುತ್ತದೆ, ಮೂಗು ಒಣಗುತ್ತದೆ, ಕತ್ತನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಹಾಲುಜ್ವರ ಎಂದು ಹೆಸರು. ಮೈ ತಣ್ಣಗಾಗುವ ಕಾಯಿಲೆಗೆ ಜ್ವರ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಸಾಲದೆ ಬರುವ ಕಾಯಿಲೆ ಅದು. ಕತ್ತಿನ ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ನಿಧಾನವಾಗಿ ಹರಿಸಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಹರಿಸದಿದ್ದರೆ ಸಾಯುತ್ತದೆ.

ನನ್ನನ್ನು ಮೊದಲ ಸಲ ಇಂಥ ಹಸುವಿಗೆ ಕರೆದದ್ದು ಅದು ಬಿದ್ದ ಮೂರನೇ ದಿನ. ಅಷ್ಟರೊಳಗೆ ಅಂತ್ರ ಕಟ್ಟಿಸಿ, ಕಷಾಯ ಕುಡಿಸಿ, ಬೆನ್ನಿಗೆ ಬರೆ ಹಾಕಿ ಆಗಿತ್ತು. ನಾನು ಸೂಜಿ ಹಾಕುವಷ್ಟರಲ್ಲಿ ಹಸು ಹೋಯಿತು. ಕರು ಅದರ ಮೊಲೆಗೆ ಮೂತಿ ಹಾಕುತ್ತಲೇ ಇತ್ತು. 'ಡಾಕ್ಟ್ರಮ್ಮ ಬರೋ ತಂಕ ಉಸ್ರಾಡ್ತಿತ್ತು' ಎಂದು ಆ ಮನೆಯವರು ಊರಿಗೆಲ್ಲ ಹೇಳಿದರು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತಿದ್ದೇನೆ. ಆವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ: ಹಸು ಬಿದ್ದ ದಿನವೇ ನನ್ನನ್ನು ಕರೆಯಬೇಕು. ಹೊಗಳುವುದು ತೆಗಳುವುದು ಆಮೇಲೆ ಏನಾದರೂ ಮಾಡಿಕೊಳ್ಳಲಿ. ಈ ಒಂದಕ್ಕಾಗಿ ನಾನು ಪಟ್ಟ ಪಾಡನ್ನೇ ಇಲ್ಲಿ ಹೇಳುತ್ತಿದ್ದೇನೆ.

ಎಲೆ ಅಡಿಕೆ ಡಬ್ಬಿ

ಎರಡನೇ ಹಸುವಿಗೆ ಕರೆ ಬಂದದ್ದು ಬಿದ್ದ ಮಾರನೇ ದಿನ. ಒಂದು ದಿನ ಲಾಭ ಎಂದುಕೊಂಡು ಹೋದೆ. ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗಾಳಿ ಸೋಕಿದೆ ಎಂದು ಒಬ್ಬರು, ಹಾಲು ನೋಡಿ ಯಾರದೋ ಕಣ್ಣು ಬಿದ್ದಿದೆ ಎಂದು ಇನ್ನೊಬ್ಬರು, ಸೊಂಟದ ನರ ಹಿಡಿದುಕೊಂಡಿದೆ ಎಂದು ಮತ್ತೊಬ್ಬರು. ಮೂಲೆಯಲ್ಲಿ ಒಬ್ಬ ಅಜ್ಜ ಮಾತ್ರ ಕಂಬಕ್ಕೊರಗಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು.

"ಎಂಥ ಕಾಯ್ಲೆ ಡಾಕ್ಟ್ರಮ್ಮ?" ಎಂದು ಕೇಳಿದರು.

ಸುಲಭವಾಗಿ ಅರ್ಥವಾಗಲಿ ಎಂದು, "ಮೈಯಲ್ಲಿ ಸುಣ್ಣದಂಶ ಕಮ್ಮಿಯಾಗಿದೆ ಅಜ್ಜ" ಎಂದೆ.

ಅಜ್ಜ ತಮ್ಮ ಡಬ್ಬಿಯಿಂದ ಸುಣ್ಣದ ಕಾಯಿ ತೆಗೆದು ನನ್ನ ಮುಂದೆ ಹಿಡಿದರು. "ತಗಳಿ. ಇಷ್ಟುಕ್ಕೆ ಸೂಜಿ ಯಾಕೆ? ನಾಲಿಗೆಗೆ ಹಚ್ಚಿ, ಎದ್ಬುಡ್ತೈತೆ."

ಬಾಯಿ ಸುಟ್ಟು ಹೋಗುತ್ತದೆ, ಇದು ರಕ್ತಕ್ಕೇ ಹೋಗಬೇಕು ಎಂದು ಹೇಳಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟು ಸೂಜಿ ಹಾಕಿದೆ. ಬೇಗ ಹರಿಸಿದರೆ ಹೃದಯವೇ ನಿಂತುಬಿಡುವ ಔಷಧವದು. ಆದ್ದರಿಂದ ಒಂದು ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದು ಎದೆಬಡಿತ ಕೇಳುತ್ತ, ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದು ಮಂಡಿಯೂರಿ ಕೂತೆ.

ಆಮೇಲೆ ನಡೆದದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮೊದಲು ಭುಜದ ಚರ್ಮದ ಕೆಳಗೆ ಸಣ್ಣ ನಡುಕ ಓಡಿತು. ದೂರದಲ್ಲೆಲ್ಲೋ ಇದ್ದ ಎದೆಬಡಿತ ಹತ್ತಿರ ಬಂತು. ಒಣಗಿದ್ದ ಮೂಗಿನ ಮೇಲೆ ಸಾಸಿವೆ ಕಾಳಿನಂಥ ಹನಿಗಳು ಒಂದೊಂದಾಗಿ ಮೂಡಿದವು. ಹಸು ಒಂದು ಸಲ ಜೋರಾಗಿ ತೇಗಿತು. ತಿರುಚಿಕೊಂಡಿದ್ದ ಕತ್ತನ್ನು ನೇರ ಮಾಡಿ ಕರುವನ್ನು ಹುಡುಕಿತು. ನಾನು ಸೂಜಿ ತೆಗೆದು ಹಿಂದೆ ಸರಿಯುವಷ್ಟರಲ್ಲಿ ಹಿಂಗಾಲು ಊರಿ ಎದ್ದು ನಿಂತು, ಎರಡು ದಿನದ ಸಗಣಿಯನ್ನು ಒಟ್ಟಿಗೇ ಹಾಕಿತು. ನನ್ನ ಕಣ್ಣಲ್ಲಿ ನೀರು ಬಂತು. ಮುಂದೆ ನೂರಾರು ಸಲ ಇದನ್ನೇ ನೋಡಿದ್ದೇನೆ, ಒಂದು ಸಲವೂ ಮೈ ಜುಮ್ಮೆನ್ನದೆ ಇರಲಿಲ್ಲ.

ಅಜ್ಜನ ಕಡೆ ತಿರುಗಿ, "ನೋಡಿದ್ರಾ, ಈ ಬಾಟಲಿಯಲ್ಲಿರೋ ಸುಣ್ಣವೇ ಬೇರೆ" ಎಂದೆ.

"ಬ್ಯಾರೆ ಏನಿಲ್ಲ ಬುಡಿ" ಎಂದರು ಅಜ್ಜ, ಡಬ್ಬಿ ಮುಚ್ಚುತ್ತ. "ಹಸುಗೆ ಎಲೆ ಅಡಿಕೆ ಹಾಕೋ ಅಭ್ಯಾಸ ಇಲ್ಲ, ಅದುಕ್ಕೇ ಬಿತ್ತು. ನಾನು ದಿನಾ ಹತ್ತು ಸಲ ಹಾಕ್ತೀನಿ. ಎಂಬತ್ತು ವರ್ಸ ಆಯ್ತು, ಒಂದಿನಾನಾದ್ರೂ ಬಿದ್ದಿವ್ನಾ ಕೇಳಿ ಇವುರ್ನೆಲ್ಲ."

ಕೈಗುಣ

ಬಾಟಲಿಯನ್ನು ಇಪ್ಪತ್ತು ನಿಮಿಷ ಒಂದೇ ಎತ್ತರದಲ್ಲಿ ಹಿಡಿದು ನಿಲ್ಲುವುದು ಸುಲಭದ ಕೆಲಸವಲ್ಲ. ಒಂದು ಊರಿನಲ್ಲಿ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಅಕಸ್ಮಾತ್ ಹಸು ಸತ್ತರೆ ಬಾಟಲಿ ಹಿಡಿದ ಕೈಗೆ ಕೆಟ್ಟ ಹೆಸರು ಎಂಬ ಭಯ. ಅಷ್ಟರಲ್ಲಿ ಮರಗಸಿ ಮಾಡುವ ಒಬ್ಬ ಎತ್ತರದ ಆಳು, ಎಂದರೆ ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರದ ಕೊಂಬೆ ಸವರುವವನು, ಕತ್ತಿ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದ. ದಿನವಿಡೀ ಕೈ ಮೇಲೆತ್ತಿ ಕೆಲಸ ಮಾಡುವವನು ಇವನೇ ಸರಿ ಎಂದು ಕರೆದು ಬಾಟಲಿ ಕೊಟ್ಟೆ.

ಆವತ್ತಿನ ಹಸು ನನ್ನ ಜನ್ಮದಲ್ಲಿ ಕಂಡ ಅತಿ ಚುರುಕಿನ ಹಸು. ಬಾಟಲಿ ಮುಗಿಯುವ ಮೊದಲೇ ದಡಕ್ಕನೆ ಎದ್ದು ನನ್ನನ್ನು ಸಗಣಿಯ ಮೇಲೆ ಕೆಡವಿ ಮೇವಿಗೆ ಬಾಯಿ ಹಾಕಿತು. ನಾನು ಏಳುವಷ್ಟರಲ್ಲಿ ಜನರೆಲ್ಲ ಅವನನ್ನು ಸುತ್ತುಗಟ್ಟಿದ್ದರು. "ಏನ್ ಕೈಗುಣ ಮಾರಾಯ ನಿಂದು!" ಎಂದು ಅವನ ಕೈ ಮುಟ್ಟಿ ನೋಡುತ್ತಿದ್ದರು. ನನ್ನ ಕೈ ಯಾರೂ ಮುಟ್ಟಲಿಲ್ಲ, ಅದು ಸಗಣಿಯಾಗಿತ್ತು ಎನ್ನಿ.

ಅಲ್ಲಿಂದ ಶುರುವಾಯಿತು ನೋಡಿ. ಹಸು ಬಿದ್ದರೆ ಮೊದಲು ಅವನನ್ನು ಹುಡುಕಿಕೊಂಡು ಹೋಗುವರು, ಆಮೇಲೆ ನನ್ನನ್ನು. ಒಂದು ದಿನ ನಾನು ಸೂಜಿ ಹಿಡಿದು ಕೂತಿದ್ದೇನೆ, ಬಾಟಲಿ ತಣ್ಣಗಾಗುತ್ತಿದೆ, ಮನೆಯ ಯಜಮಾನರು ಮುಟ್ಟಲೊಲ್ಲರು.

"ತಡೀರಿ ಡಾಕ್ಟ್ರಮ್ಮ, ಆವಪ್ಪ ಬತ್ತಾವ್ನೆ."

"ಎಲ್ಲಿದ್ದಾನೆ?"

"ಎಸ್ಟೇಟ್‌ನಾಗೆ ಮರದ ಮ್ಯಾಲವ್ನೆ. ಕರ್ಯಾಕ್ ಹೋಗವ್ರೆ. ಎರಡು ಮೈಲಿ ಅಷ್ಟೇಯ."

ನನಗೆ ತಲೆ ಕೆಟ್ಟಿತು. ಒಂದೊಂದು ಗಳಿಗೆಗೂ ಹಸುವಿನ ಜೀವ ಇಳಿಯುತ್ತಿದೆ. ಹಾಗಾದರೆ ಹಗ್ಗ ಕೊಡಿ, ಬಾಟಲಿಯನ್ನು ತೊಲೆಗೆ ಕಟ್ಟುತ್ತೇನೆ ಎಂದೆ. "ಹಗ್ಗುಕ್ಕೆ ಕೈಗುಣ ಇರ್ತೈತಾ?" ಎಂದು ನನ್ನನ್ನೇ ಕೇಳಿದರು. ಕೊನೆಗೆ ಒಂದು ಕೈಯಲ್ಲಿ ನಾನೇ ಬಾಟಲಿ ಎತ್ತಿ ಹಿಡಿದು ಔಷಧ ಹರಿಸಿದೆ. ಹಸು ಎದ್ದು ನಿಂತು ಕರುವನ್ನು ನೆಕ್ಕುತ್ತಿರುವಾಗ ಅವನು ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. ಈಗಲಾದರೂ ಇವರಿಗೆ ಗೊತ್ತಾಯಿತಲ್ಲ ಎಂದು ನಾನು ಯಜಮಾನರ ಮುಖ ನೋಡಿದೆ. ಅವರು ಕೈಮುಗಿದು ನಿಂತಿದ್ದರು, ಅವನ ಕಡೆಗೆ.

"ನೋಡಿದ್ರಾ ಡಾಕ್ಟ್ರಮ್ಮ? ಅವ್ನು ಮರ ಇಳ್ದ ಅಂತ ಗೊತ್ತಾಗಿದ್ದೇ ತಡ, ಎದ್ದು ನಿಂತ್ಕಂಡ್ಬುಡ್ತು."

ಆ ದಿನ ಹೊರಡುವಾಗ ಅವನು ನನ್ನ ಚೀಲ ಹೊತ್ತು ಸ್ಕೂಟರಿನವರೆಗೆ ಬಂದ. "ನಿಜ ಹೇಳಿ ಅವ್ವಾ, ನನ್ ಕೈನಾಗೆ ಏನಾರಾ ಐತಾ?" ಎಂದು ಮೆಲ್ಲಗೆ ಕೇಳಿದ. ಏನೂ ಇಲ್ಲ ಎಂದೆ. ಸ್ವಲ್ಪ ಹೊತ್ತು ಕೈ ನೋಡಿಕೊಂಡು, "ಇರ್ಲಿ ಬುಡಿ, ಊರೋರು ಅಂತಾವ್ರಲ್ಲ" ಎಂದ. ನನಗೂ ಆಗ ಬುದ್ಧಿ ಬಂತು. ಹಠ ಹಿಡಿದು ಗೆಲ್ಲುವ ಕೆಲಸವಲ್ಲ ಇದು. ಎಲ್ಲಿ ಹಸು ಬಿದ್ದರೂ ಮೊದಲು ಸುದ್ದಿ ತಲುಪುವುದು ಅವನಿಗೆ. ತಲುಪಿದ ಕೂಡಲೇ ಹಾಲಿನ ವ್ಯಾನಿನವರ ಕೈಯಲ್ಲಿ ನನಗೆ ಹೇಳಿ ಕಳಿಸಬೇಕು, ಬಾಟಲಿ ಅವನೇ ಹಿಡಿಯಲಿ, ಹೆಸರೂ ಅವನೇ ಇಟ್ಟುಕೊಳ್ಳಲಿ ಎಂದು ಒಪ್ಪಂದವಾಯಿತು. ಅಲ್ಲಿಂದ ಮುಂದೆ ಕರೆಗಳು ಬೇಗ ಬರತೊಡಗಿದವು, ಹಸುಗಳು ಉಳಿಯತೊಡಗಿದವು. ಅವನು ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಬರತೊಡಗಿದ.

ಸ್ಟೋರಿನ ಬಾಗಿಲು

ಹೆಗ್ಗದ್ದೆ ಕಡೆಯ ಡಾಕ್ಟರು ರಜೆಯಲ್ಲಿದ್ದಾಗ ಅಲ್ಲಿಯ ಒಂದು ದೊಡ್ಡ ಎಸ್ಟೇಟಿನಿಂದ ಕರೆ ಬಂತು. ಯಜಮಾನರು ಓದಿಕೊಂಡವರು. ಕೈಗುಣ, ಗಾಳಿ ಇವಾವುದನ್ನೂ ಎತ್ತದೆ ನೇರವಾಗಿ ಕೇಳಿದರು:

"ಡಾಕ್ಟ್ರೇ, ಇದರ ಕಾಲು ಗಟ್ಟಿಯಿದೆ, ಮೂಳೆ ಮುರಿದಿಲ್ಲ. ಏಳಬೇಕು ಅಂತ ಅದಕ್ಕೂ ಆಸೆ ಇದೆ, ಕಣ್ಣಲ್ಲೇ ಕಾಣುತ್ತೆ. ಮತ್ಯಾಕೆ ಏಳೋಲ್ಲ?"

ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಇವರೊಬ್ಬರೇ. ಕೊಟ್ಟಿಗೆಯ ಎದುರಿಗೇ ಎಸ್ಟೇಟಿನ ಸ್ಟೋರ್ ಇತ್ತು, ಬಾಗಿಲಲ್ಲಿ ರೈಟರ್ ನಿಂತಿದ್ದರು. ಲೆಕ್ಕ ಬರೆಯುವ, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವ ಮನುಷ್ಯ.

"ಬಂಗಲೆಯಿಂದ ನೀವು 'ಎರಡು ಮೂಟೆ ಗೊಬ್ಬರ ಕೊಡಿ' ಅಂತ ಕೂಗಿದ್ರೆ ರೈಟರು ಕೊಡ್ತಾರಾ ಸಾರ್?" ಎಂದೆ.

"ಕೂಗಿದ್ರೆ ಸಾಲದು. ಚೀಟಿ ಕೈಗೆ ಬಂದ್ರೇನೇ ಮೂಟೆ ಅಲ್ಲಾಡೋದು. ನಾನೇ ಮಾಡಿದ ರೂಲು."

"ನರದ ತುದಿಯೂ ಹಾಗೇ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಪೇರಿಸಿಟ್ಟಿರ್ತವೆ. ಅದರಲ್ಲಿರೋ ರಸ ಆಚೆ ಬಂದು ಮಾಂಸಖಂಡಕ್ಕೆ ಮುಟ್ಟಿದ್ರೆ ಮಾತ್ರ ಕಾಲು ಎಳೆದುಕೊಳ್ಳುತ್ತೆ. 'ಏಳು' ಅಂತ ತಲೆ ಕೂಗಿದ್ದು ನರದ ತುದಿತನಕ ಬಂದಾಗಿದೆ. ಬಾಗಿಲೂ ತೆರೆಯುತ್ತೆ. ಆದ್ರೆ ಆ ಬಾಗಿಲಿಂದ ಹೊರಗಿನ ಕ್ಯಾಲ್ಸಿಯಂ ಒಳಗೆ ಬರಬೇಕು. ಅದು ಬಂದು ಮುಟ್ಟದೆ ಒಂದು ಚೀಲವೂ ಬಿಚ್ಚೋಲ್ಲ. ಈ ಹಸುವಿನ ಮೈಯಲ್ಲಿ ಕೂಗು ಇದೆ, ಮೂಟೆ ಇದೆ. ಬೇಕಾದಷ್ಟು ಚೀಟಿ ಇಲ್ಲ."

ಅವರು ತಮ್ಮ ಬಲಗೈಯನ್ನು ಮುಂದೆ ಚಾಚಿ ಬೆರಳುಗಳನ್ನು ಮಡಚಿ ಬಿಡಿಸಿದರು.

"ಈಗ ಇದು?"

"ಇದೂ ಹಾಗೇ ಸಾರ್."

"ನೀವು ಹೇಳಿದ್ದು ನನಗೆ ತಿಳೀತಲ್ಲ, ಅದು?"

"ಅದೂ. ತಲೆಯೊಳಗೆ ಒಂದು ನರ ಇನ್ನೊಂದಕ್ಕೆ ಹೇಳೋದೂ ಹೆಚ್ಚುಕಮ್ಮಿ ಹೀಗೇ."

ಅವರು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಕೆಲಸದವರೆದುರು ಅವರು ಅಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲವಂತೆ. "ಅರವತ್ತು ವರ್ಷದಿಂದ ನನಗೆ ಇಷ್ಟೊಂದು ಚೀಟಿ ಯಾರು ಬರೆದು ಕೊಡ್ತಾ ಇದಾರೆ ಡಾಕ್ಟ್ರೇ?" ಎಂದರು. ಪರೀಕ್ಷೆಯಲ್ಲಿ ಈ ಪಾಠಕ್ಕೆ ಚಿತ್ರ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಆದರೆ ಆ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಹಸು ಎದ್ದು ನಿಂತಾಗ ನಾವಿಬ್ಬರೂ ಅದರ ಕಾಲನ್ನೇ ನೋಡುತ್ತಿದ್ದೆವು.

ಇದನ್ನೆಲ್ಲ ರೈಟರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಮುಂದಿನ ತಿಂಗಳು ಹೋದಾಗ ಸ್ಟೋರಿನ ಮುಂದೆ ನಾಲ್ಕು ಜನ ಆಳುಗಳು ಗುದ್ದಲಿಗೆ ಕಾದು ನಿಂತು ಗೊಣಗುತ್ತಿದ್ದರು. ಯಜಮಾನರು ಕೊಡಲು ಹೇಳಿದ್ದಾರಂತೆ, ಇವರು ಕೊಡುತ್ತಿಲ್ಲವಂತೆ. ಒಳಗಿನಿಂದ ರೈಟರ ದನಿ ಕೇಳಿಸಿತು:

"ನನ್ ತಪ್ಪೇನೈತ್ರಪ್ಪ? ಕೂಗು ಬಂದೈತೆ, ಗುದ್ದಲಿ ಐತೆ, ಬಾಗ್ಲೂ ತಗ್ದೈತೆ. ಕ್ಯಾಲ್ಸಿಯಂ ಬಂದಿಲ್ಲ."

ತೇಗು

ಇದು ಚಿಕ್ಕದು. ಔಷಧ ಹಿಡಿದಿದೆ ಎನ್ನುವುದಕ್ಕೆ ಒಳ್ಳೆಯ ಗುರುತು ತೇಗು. ನಿಂತಿದ್ದ ಹೊಟ್ಟೆ ಮತ್ತೆ ಆಡತೊಡಗಿತು ಎಂದರ್ಥ. ಒಂದು ಮನೆಯಲ್ಲಿ ಜನ ಬಹಳ ಗಲಾಟೆ ಮಾಡುತ್ತಿದ್ದರು. "ಎಲ್ಲರೂ ಸುಮ್ಮನಿರಿ, ತೇಗು ಬರುತ್ತಾ ಕೇಳಬೇಕು. ತೇಗು ಬಂದ್ರೆ ಜೀವ ಉಳೀತು ಅಂತ ತಿಳ್ಕೊಳ್ಳಿ" ಎಂದು ಗದರಿದೆ.

ಕೊಟ್ಟಿಗೆ ನಿಶ್ಶಬ್ದವಾಯಿತು. ಮನೆಯಾಕೆ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಹೊಟ್ಟೆಯಾಳದಿಂದ ಬಂದ, ತೊಲೆ ಅದುರುವಂಥ ಒಂದು ತೇಗು ಕೇಳಿಸಿತು. ಮನೆಯಾಕೆ ಕೈ ಮುಗಿದು ಅತ್ತೇಬಿಟ್ಟಳು. ನನಗೆ ಮಾತ್ರ ಅನುಮಾನ. ಹಸು ಬಾಯಿ ಅಲ್ಲಾಡಿಸಿರಲಿಲ್ಲ. ತಿರುಗಿ ನೋಡಿದರೆ, ಕರುವಿನ ಸಂಭ್ರಮಕ್ಕೆಂದು ಊಟಕ್ಕೆ ಬಂದಿದ್ದ ಸೋದರಮಾವ ಬಾಗಿಲ ಹಿಂದೆ ಸರಿಯುತ್ತಿದ್ದರು.

ಹಸು ಕಾಲು ಗಂಟೆ ಬಿಟ್ಟು ತೇಗಿತು. ಆದರೆ ಅದು ಮಾವನ ತೇಗಿಗೆ ಸಮವಿರಲಿಲ್ಲ.

ಹನ್ನೊಂದು ಮನೆ ಗಿಣ್ಣು

ಬೆಳಗ್ಗೆ ಬಿದ್ದ ಹಸುವಿಗೆ ಬೆಳಗ್ಗೆಯೇ ನನ್ನನ್ನು ಕರೆದ ಮೊದಲ ಮನೆ ಅದು. ಮರಗಸಿಯವನು ಬಾಟಲಿ ಹಿಡಿದ, ಹಸು ಎದ್ದಿತು, ಎಲ್ಲರೂ ಅವನನ್ನು ಹೊಗಳಿದರು. ಮನೆಯಾಕೆ ನನ್ನನ್ನು ಜಗಲಿಯಲ್ಲಿ ಕೂರಿಸಿ ತಟ್ಟೆಯಲ್ಲಿ ಗಿಣ್ಣು ತಂದಿಟ್ಟರು. ಏಲಕ್ಕಿ ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ, ಮುಟ್ಟಿದರೆ ನಡುಗುವ ಗಿಣ್ಣು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಎರಡು ತುಂಡು ತಿಂದು ಮೂರನೆಯದನ್ನು ಕೈಯಲ್ಲಿ ಹಿಡಿದು ಕೇಳಿದೆ:

"ನಿನ್ನೆ ಕರು ಹಾಕಿದ ಮೇಲೆ ಎಷ್ಟು ಹಾಲು ಕರೆದ್ರಿ?"

"ಕೆಚ್ಚಲು ಬತ್ತೋ ತಂಕ ಕರುದ್ವಿ ಕಣಮ್ಮ. ಹನ್ನೊಂದು ಮನೆಗೆ ಗಿಣ್ಣದಾಲು ಕಳುಸ್ಬೇಕಲ್ಲ."

ಕೈಯಲ್ಲಿದ್ದ ತುಂಡು ಹಾಗೇ ನಿಂತಿತು. ಕರು ಹಾಕಿದ ಹಸು ಕರುವಿನ ಎಳೆ ಮೂಳೆಗೆಂದು ತನ್ನ ರಕ್ತದ ಕ್ಯಾಲ್ಸಿಯಂ ಅನ್ನು ಹಾಲಿಗೆ ಸುರಿಯುತ್ತದೆ. ಕೆಚ್ಚಲು ಬರಿದು ಮಾಡಿದಷ್ಟೂ ಸುರಿಯುತ್ತದೆ. ತನ್ನ ಕಾಲು ಎತ್ತಲು ಬೇಕಾದದ್ದನ್ನೂ ಉಳಿಸಿಕೊಳ್ಳದೆ ಕೊಟ್ಟುಬಿಡುತ್ತದೆ. ಕೊಡಬಾರದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಈಗಷ್ಟೇ ಬಾಟಲಿಯಿಂದ ಅದರ ಕತ್ತಿಗೆ ತುಂಬಿದ್ದು ಯಾವುದೋ, ತಟ್ಟೆಯಲ್ಲಿ ನನ್ನ ಮುಂದೆ ನಡುಗುತ್ತಿದ್ದದ್ದೂ ಅದೇ. ಮನಸ್ಸು ತುಂಬಿ ಬಂತು. ಮೂರನೇ ತುಂಡನ್ನು ಇಡಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ. ಆಮೇಲೆ ತಿಂದೆ.

ತಿಂದು ಬಾಯಿ ಒರೆಸಿಕೊಂಡು ಬುದ್ಧಿ ಹೇಳಿದೆ. ಮೊದಲ ಎರಡು ದಿನ ಕರುವಿಗೆ ಬೇಕಾದಷ್ಟು ಮಾತ್ರ ಕರೆಯಬೇಕು, ಉಳಿದದ್ದು ಕೆಚ್ಚಲಲ್ಲೇ ಇರಬೇಕು, ನೆಂಟರಿಗೆ ಗಿಣ್ಣು ಇಲ್ಲದಿದ್ದರೆ ಆಕಾಶ ಬೀಳುವುದಿಲ್ಲ ಎಂದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ನೀವು ಹೇಳಾದು ಸರಿ ಕಣಮ್ಮ. ಹಸು ಬಿದ್ರೆ ನೀವು ಬಂದು ಎಬ್ಬುಸ್ತೀರ. ಗಿಣ್ಣು ಬರ್ನಿಲ್ಲ ಅಂತ ನಮ್ಮ ನಾದಿನಿ ಮುನುಸ್ಕಂಡು ಮಲೀಕಂಡ್ರೆ ಅವುಳ್ಗೆ ಯಾವ ಬಾಟ್ಲಿ ಹಾಕ್ತೀರ?"

ನಿಂತಿದ್ದ ಹಸು

ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮರಗಸಿಯವನ ಮನೆಗೂ ಒಂದು ಸೀಮೆ ಹಸು ಬಂತು. ಅವನ ಹೆಂಡತಿ ಅದನ್ನು ಮಗಳಂತೆ ಸಾಕಿದ್ದಳು. ಇಬ್ಬರು ಮಕ್ಕಳ ಆ ಮನೆ ಅದೊಂದು ಹಸುವಿನ ಮೇಲೆ ನಿಂತಿತ್ತು. ಅದು ಹೋದರೆ ಅವರಿಗೆ ಇನ್ನೊಂದು ಬರುವಂತಿರಲಿಲ್ಲ. ಮೂರನೇ ಕರು ಹಾಕುವ ಸಮಯ ಹತ್ತಿರ ಬಂದಂತೆ ನನಗೆ ಒಳಗೊಳಗೇ ಭಯ. ಅವನಿಗೆ ಮಾತ್ರ ಯಾವ ಭಯವೂ ಇರಲಿಲ್ಲ.

ಒಂದು ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವಾಗ ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು, ತಲೆ ಬಾಚಿರಲಿಲ್ಲ. ಚೀಲಕ್ಕೆ ಬಾಟಲಿ ತುಂಬುತ್ತಲೇ ಕೇಳಿದೆ:

"ಯಾವಾಗ ಬಿತ್ತು?"

"ಬಿದ್ದಿಲ್ಲ."

"ಮತ್ತೆ?"

"ಬೀಳ್ತೈತೆ."

ನಾನು ಚೀಲ ಕೆಳಗಿಟ್ಟೆ. "ಹೇಗೆ ಹೇಳ್ತೀಯ?"

"ಸಂಜೆ ಕರು ಹಾಕ್ತು. ಬೆಳಿಗ್ಗೆ ನೋಡಿದ್ರೆ ಕಿವಿ ತಣ್ಣುಗೈತೆ. ಹಿಂದುಗಾಲು ಅದ್ಲುಬದ್ಲು ಮಾಡ್ತಾ ನಿಂತೈತೆ, ಒಂದ್ ಕಡೆ ಊರಕ್ಕಾಯ್ತಿಲ್ಲ. ಸಗಣಿ ಹಾಕಿಲ್ಲ. ಹಾಲು ಕರುವಿಗಷ್ಟು ಬುಟ್ಟು ಮುಟ್ಟಿಲ್ಲ ಕಣವ್ವ. ಆದ್ರೂ ಹಿಂಗೈತೆ."

"ಇದನ್ನೆಲ್ಲ ನಿನಗೆ ಯಾರು ಹೇಳಿದ್ರು?"

"ನಮ್ಮನೆಯೋರು ಬಾಟ್ಲಿ ಹಿಡ್ದು ಬಂದ ದಿನ ಉಣ್ಣಾವಾಗೆಲ್ಲ ಅದುನ್ನೇ ಹೇಳೋರು. ಹೆಂಗೆ ಬಿದ್ದಿತ್ತು, ಬೀಳಾಕೆ ಮುಂಚೆ ಹೆಂಗಾಡ್ತಿತ್ತು ಅಂತ ಆ ಹಸು ಮನೆಯೋರು ಏನಂದ್ರು, ತನ್ನ ಕೈ ತಾಗಿದ್ದೇ ಹೆಂಗೆ ಎದ್ತು ಅಂತ. ಅವ್ರು ಕೈ ವಿಷ್ಯ ಹೇಳ್ಕಳೋರು. ನಾನು ಹಸು ವಿಷ್ಯ ಕೇಳ್ಕಂತಿದ್ದೆ."

ನಾನು ಅವಳನ್ನೇ ನೋಡುತ್ತ ನಿಂತೆ. ಐದು ವರ್ಷ ಕಾಲೇಜಿನಲ್ಲಿ ಓದಿ, ಆರೇಳು ವರ್ಷ ಊರೂರಿಗೆ ಗಂಟಲು ಹರಿದುಕೊಂಡು ಹೇಳಿದ್ದೆ. ನಾನು ಹೇಳದೇ ಇದ್ದದ್ದನ್ನೂ ಇವಳು ಅನ್ನದ ತಟ್ಟೆಯ ಮುಂದೆ ಕೂತು ಕಲಿತಿದ್ದಳು. ನನಗಿಂತ ದೊಡ್ಡ ಡಾಕ್ಟರು ಇವಳೇ ಎನ್ನಿಸಿತು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಒಂದೇ ಮಾತು ಆಡಿದಳು: "ಇವುರ್ಗೆ ಹೇಳಿದ್ರೆ, 'ಬೀಳ್ಲಿ ಬುಡು, ನಾನಿವ್ನಲ್ಲ' ಅಂದ್ರು."

ಅಂಗಳದಲ್ಲಿ ಅವನು ಸಿದ್ಧನಾಗಿ ನಿಂತಿದ್ದ. ಸ್ನಾನವಾಗಿತ್ತು, ಒಗೆದ ಪಂಚೆ ಉಟ್ಟಿದ್ದ, ಹಣೆಯಲ್ಲಿ ವಿಭೂತಿ, ಬಲಗೈಯ ತೋಳು ಮೇಲಕ್ಕೆ ಮಡಚಿತ್ತು. ಊರೂರಿನ ಹಸು ಎಬ್ಬಿಸಿದವನು ಇವತ್ತು ತನ್ನ ಹಸುವನ್ನೇ ಎಬ್ಬಿಸುತ್ತಾನೆ ಎಂದು ಕೇಳಿ ಬೇಲಿಯುದ್ದಕ್ಕೂ ಜನ ಸೇರಿದ್ದರು. ಹಸು ಕಲ್ಲು ಹಾಸಿದ ಕೊಟ್ಟಿಗೆಯಲ್ಲಿ ನಿಂತಿತ್ತು. ಹಿಂಗಾಲು ನಡುಗುತ್ತಿದ್ದವು. ಕಿವಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಆ ಕಲ್ಲಿನ ಮೇಲೆ ಬಿದ್ದರೆ ಸೊಂಟ ಮುರಿಯುವುದು ಖಂಡಿತ, ಆಮೇಲೆ ಯಾವ ಬಾಟಲಿಯೂ ಎಬ್ಬಿಸುತ್ತಿರಲಿಲ್ಲ.

ಬಿಸಿನೀರು ಕೇಳುವ ಮೊದಲೇ ಅವಳು ಒಲೆಯಿಂದ ತಂದಿಟ್ಟಳು. ನಾನು ಸೂಜಿ ಹಾಕಿದೆ, ಅವನು ಬಾಟಲಿ ಎತ್ತಿದ, ಅವಳು ಹಸುವಿನ ಹಣೆಗೆ ತನ್ನ ಹಣೆ ಒತ್ತಿಕೊಂಡು ನಿಂತಳು. ಹಿಂಗಾಲು ಒಂದು ಸಲ ಕುಸಿಯುವಂತಾಯಿತು. ಹಸು ಹೇಗೋ ಸಾವರಿಸಿಕೊಂಡಿತು. ನಾನು ಎದೆಬಡಿತವನ್ನೇ ಕೇಳುತ್ತಿದ್ದೆ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಬಡಿತ ಗಟ್ಟಿಯಾಯಿತು, ಕಾಲಿನ ನಡುಕ ನಿಂತಿತು. ಹಸು ತೇಗಿತು, ಸಗಣಿ ಹಾಕಿತು, ಹುಲ್ಲಿಗೆ ಬಾಯಿ ಇಟ್ಟಿತು. ಅಷ್ಟೇ. ಮುಗಿಯಿತು.

ಬೇಲಿಯ ಆಚೆ ಜನ ಇನ್ನೂ ಕತ್ತು ಚಾಚಿ ಕಾಯುತ್ತಲೇ ಇದ್ದರು.

"ಎಲ್ಲಿ, ಬೀಳ್ನೇ ಇಲ್ವಲ್ಲ?" ಎಂದರು ಒಬ್ಬರು.

"ನಿಂತಿರೋ ಹಸುಗೆ ಬಾಟ್ಲಿ ಹಾಕೋ ಡಾಕ್ಟ್ರುನ್ನ ಇವತ್ತೇ ಕಣ್ರೀ ನೋಡಿದ್ದು" ಎಂದರು ಇನ್ನೊಬ್ಬರು. ಕೆಲಸ ಬಿಟ್ಟು ಬಂದದ್ದು ದಂಡವಾಯಿತು ಎಂದು ಗೊಣಗುತ್ತ ಎಲ್ಲರೂ ಚದುರಿದರು. ಹೆಸರು ದೇವರಿಗೂ ಸಿಗಲಿಲ್ಲ, ಅವನ ಕೈಗೂ ಸಿಗಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಕಾಯಿಲೆಯೇ ಬರಲಿಲ್ಲ ಎಂದ ಮೇಲೆ ವಾಸಿ ಮಾಡಿದ ಹೆಸರು ಯಾರಿಗೆ ಕೊಡುತ್ತಾರೆ?

ಅವನ ಹೆಂಡತಿ ಹಸುವಿನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿ, "ಬೆಚ್ಗಾಯ್ತು" ಎಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ನಾನೂ ಆ ಕಿವಿ ಮುಟ್ಟಿ ನೋಡಿದೆ. ಇಷ್ಟು ವರ್ಷ ನಾನು ಕಾದಿದ್ದು ಇಂಥ ಒಂದು ಕರೆಗಾಗಿಯೇ. ಆ ಬೆಳಗ್ಗೆ ನನಗಾದಷ್ಟು ಸಂತೋಷ ಎದ್ದು ನಿಂತ ಯಾವ ಹಸುವಿನಿಂದಲೂ ಆಗಿರಲಿಲ್ಲ.

ಮರಗಸಿಯವನು ಮಾತ್ರ ಖಾಲಿ ಬಾಟಲಿಯನ್ನು ಇನ್ನೂ ಎತ್ತಿ ಹಿಡಿದೇ ನಿಂತಿದ್ದ. ಅಂಗಳ ಖಾಲಿಯಾದದ್ದನ್ನು ನೋಡಿ ಮೆಲ್ಲಗೆ ಕೈ ಇಳಿಸಿದ. ಬೇಸರದಿಂದ ನನ್ನ ಹತ್ತಿರ ಬಂದು, ಹೆಂಡತಿಗೆ ಕೇಳಿಸದಂತೆ ಹೇಳಿದ:

"ಇಷ್ಟು ಬ್ಯಾಗ ಬಂದ್ಬುಟ್ರೆ ಹೆಂಗವ್ವಾ? ಒಂದ್ ಗಳಿಗೆ ಬೀಳಾಕಾದ್ರೂ ಬುಡಬೇಕಿತ್ತು."